ಸೌಟು ಹಿಡಿದು ಬಂದವರು

ಸಾಗರ
೨ ಸೆಪ್ಟೆಂಬರ್ ೨೦೨೪

ಪ್ರೀತಿಯ ದೊಡ್ಡತ್ತೆ,

ನಾನು ಲಿಖಿತಾ, ನಿಮ್ಮ ತಮ್ಮನ ಸೊಸೆ, ಸುನಿಲ್ ಹೆಂಡತಿ. ಮೇ ತಿಂಗಳಲ್ಲಿ ನಮ್ಮ ಮದುವೆಗೆ ಬಂದಿರಿ, ಸ್ಟೇಜ್ ಮೇಲೆ ನನ್ನ ಕೆನ್ನೆ ಹಿಂಡಿ ಸೀರೆ ಕೊಟ್ಟಿರಿ, ಊಟಕ್ಕೂ ನಿಲ್ಲದೆ ತೀರ್ಥಹಳ್ಳಿ ಬಸ್ ಹತ್ತಿಬಿಟ್ಟಿರಿ. ಅಕ್ಕನಿಗೆ ಶುಗರ್, ಹೊರಗಿನ ಊಟ ಆಗುವುದಿಲ್ಲ ಎಂದು ಮಾವ ಎಲ್ಲರಿಗೂ ಹೇಳುತ್ತಿದ್ದರು. ನನಗೆ ಮಾತ್ರ ಆವತ್ತಿನಿಂದ ನಿಮ್ಮ ಹತ್ತಿರ ಕೂತು ಹೊಟ್ಟೆ ತುಂಬ ಮಾತಾಡಬೇಕೆಂಬ ಆಸೆ.

ಮೊನ್ನೆ ಫೋನ್ ಮಾಡಿದರೆ ದಿನೇಶ್ ಭಾವ ಎತ್ತಿದರು. "ಅಮ್ಮಂಗೆ ಕಿವಿ ಪೂರ್ತಿ ಹೋಗಿದೆ ಮಾರಾಯ್ತಿ. ಕಾಗದ ಬರಿ. ಕಾಗದ ಆದ್ರೆ ಎರಡೆರಡು ಸಲ ಓದ್ತಾಳೆ" ಎಂದರು. ನನಗೆ ಕುಣಿಯುವಷ್ಟು ಖುಷಿಯಾಯಿತು. ಕಾರ್ಗಲ್ ಕಾಲೊನಿಯಲ್ಲಿ ಇಂಗ್ಲಿಷ್ ಮೀಡಿಯಂ ಓದುವಾಗ ರಜೆ ಅರ್ಜಿ ಬರೆದದ್ದು ಬಿಟ್ಟರೆ ನಾನು ಯಾರಿಗೂ ಕಾಗದ ಬರೆದವಳಲ್ಲ. ಶುರು ಮಾಡುವುದು ಹೇಗೆಂದು ಮಾವನನ್ನು ಕೇಳಿದೆ. ಕಾಲು ಪುಟದಷ್ಟು ಸಂಸ್ಕೃತ ಹೇಳಿದರು. ನಾನು 'ಪ್ರೀತಿಯ' ಎಂದು ಬರೆದು ಮುಗಿಸಿದೆ.

ಈಗ ವಿಷಯ. ಸುನಿಲ್ ಅವರ ಫ್ಲೆಕ್ಸ್ ಪ್ರಿಂಟಿಂಗ್ ಅಂಗಡಿಯ ಮಹಡಿಯಲ್ಲಿ ಸುಮನಾ ಮೇಡಂ ಎಂಬುವರು ಒಂದು ಮಹಿಳಾ ಬಳಗ ನಡೆಸುತ್ತಾರೆ. ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಡಿಸೆಂಬರಿನಲ್ಲಿ ಒಂದು ಪ್ರದರ್ಶನ ಮಾಡುತ್ತಿದ್ದೇವೆ. ಈ ಸೀಮೆಯ ಜನ ಐವತ್ತು ಅರವತ್ತು ವರ್ಷದಲ್ಲಿ ಏನೇನು ಉಂಡರು, ಎಲ್ಲಿ ಕೂತು ಉಂಡರು, ಯಾರು ಬಡಿಸಿದರು ಎಂಬುದರ ಪ್ರದರ್ಶನ. ಹಳೆಯ ಹೋಟೆಲುಗಳ ತಿಂಡಿ ಬೋರ್ಡು, ಮದುವೆಯ ಅಡಿಗೆ ಪಟ್ಟಿ, ಫೋಟೊ, ಹಿರಿಯರ ಮಾತು, ಸಿಕ್ಕಿದ್ದೆಲ್ಲ ಸೇರಿಸುತ್ತಿದ್ದೇವೆ. ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದ ರಾಮಚಂದ್ರಪ್ಪ ಎಂಬ ಅಜ್ಜ ಇಡೀ ಬೋರ್ಡನ್ನು ಒಂದೇ ಉಸಿರಿಗೆ ಒಪ್ಪಿಸಿದರು. ಕೊನೆಗೆ 'ಬೇರೆ ಏನ್ ತರ್ಲಿ' ಎಂದು ನನ್ನನ್ನೇ ಕೇಳಿದರು. ನಮ್ಮ ಮದುವೆಯ ಮೆನು ಕಾರ್ಡನ್ನೂ ನಾನು ಪ್ಲಾಸ್ಟಿಕ್ ಹಾಕಿಸಿ ಇಟ್ಟಿದ್ದೇನೆ. ದೋಸೆ ಕೌಂಟರ್ ಸೇರಿಸಿ ಮೂವತ್ತೆಂಟು ಐಟಂ. ಇವಳು ನನ್ನನ್ನು ಮದುವೆಯಾಗಿಲ್ಲ, ಮೆನುವನ್ನು ಮದುವೆಯಾಗಿದ್ದಾಳೆ ಎಂದು ಸುನಿಲ್ ನಗುತ್ತಾರೆ.

ನಿಧಿ ಸಿಕ್ಕಿದ್ದು ಮಾವನ ಬೀರುವಿನಲ್ಲಿ. ೧೯೮೬ರಲ್ಲಿ ಅವರ ಮದುವೆಗೆ ಅವರೇ ಬರೆದ ಊಟದ ಪಟ್ಟಿ. ಚಪ್ಪರದ ಕಂಬಕ್ಕೆ ಅಂಟಿಸಿದ್ದರಂತೆ, ನಾಲ್ಕು ಮೂಲೆಯಲ್ಲೂ ಒಣಗಿದ ಅಂಟು ಇನ್ನೂ ಇದೆ. ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಸಾರು, ಹುಳಿ, ಹಪ್ಪಳ, ಪಾಯಸ, ಲಾಡು, ಜಿಲೇಬಿ, ಮಜ್ಜಿಗೆ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಡಿಗೆ: ಸಾಗರದ ಭಟ್ಟರು ಮತ್ತು ಸಂಗಡಿಗರು'. ಅಲ್ಲಿಯವರೆಗೆ ನಮ್ಮ ಕೇರಿಯ ಯಾವ ಮದುವೆಗೂ ಭಟ್ಟರು ಬಂದಿರಲಿಲ್ಲವಂತೆ, ಬರೆದ ಪಟ್ಟಿಯೂ ಇರಲಿಲ್ಲವಂತೆ. ಅಜ್ಜ ಭೂತಪ್ಪನವರು ಯಾರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದರೋ ಆ ಒಡೆಯರೇ ಬಂದು ನಮ್ಮ ಚಪ್ಪರದಲ್ಲಿ ಎಲೆ ಮುಂದೆ ಕೂತು ಉಂಡರಂತೆ. ಇದನ್ನು ಹೇಳುವಾಗ ಮಾವ ಪ್ರತಿ ಸಲವೂ ಎದ್ದು ನಿಲ್ಲುತ್ತಾರೆ. ಪ್ರದರ್ಶನದ ನಡುಗೋಡೆಗೆ ಈ ಪಟ್ಟಿಯೇ ಇರಲಿ ಎಂದು ಸುಮನಾ ಮೇಡಂ ಹೇಳಿದ್ದಾರೆ. ಮಾವ ಈಗಲೇ ಅಂಗಿ ಇಸ್ತ್ರಿ ಮಾಡಿಸಿಟ್ಟಿದ್ದಾರೆ.

ಮನೆಯ ಹಿರಿಯ ಮಗಳು ನೀವು. ಆ ಊಟ ಹೇಗಿತ್ತು? ಲಾಡು ಎಷ್ಟು ದೊಡ್ಡದಿತ್ತು? ಮೊದಲ ಪಂಕ್ತಿಯಲ್ಲಿ ಯಾರು ಕೂತಿದ್ದರು? ನೆನಪಿದ್ದದ್ದೆಲ್ಲ ಬರೆಯಿರಿ. ಈ ಕಾಗದವನ್ನು ಹೊಸನಗರದ ಮೇಲೆ ತೀರ್ಥಹಳ್ಳಿಗೆ ಬರುವ ಬಸ್ಸಿನ ಕಂಡಕ್ಟರ್ ರಾಜು ಕೈಯಲ್ಲಿ ಕೊಡುತ್ತೇನೆ. ಉತ್ತರವನ್ನೂ ಅವರಿಗೇ ಕೊಡಿ.

ನಿಮ್ಮ ಉತ್ತರಕ್ಕೆ ಬಸ್ ಸ್ಟ್ಯಾಂಡಿನಲ್ಲೇ ನಿಂತಿರುವ,
ಲಿಖಿತಾ

*

ತೀರ್ಥಹಳ್ಳಿ
೯ ಸೆಪ್ಟೆಂಬರ್ ೨೦೨೪

ಮಗಾ ಲಿಖಿತಾ,

ಕಾಗದ ಬಂತು. ದಿನೇಶ ಹೇಳಿದ್ದು ನಿಜ, ಎರಡು ಸಲ ಓದಿದೆ. ಅಕ್ಷರ ದೊಡ್ಡದಾಗಿ ಬರೆದಿದ್ದೀಯ, ಕನ್ನಡಕ ಬೇಕಾಗಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ನಿನ್ನ ಮಾವನಿಗೆ ತೋರಿಸಬೇಡ. ಮೇಷ್ಟರ ಕೆಲಸ ಬಿಟ್ಟರೂ ಕೆಂಪು ಪೆನ್ನು ಬಿಟ್ಟಿಲ್ಲ ಅವನು.

ಹೋಟೆಲಿನ ಬಗ್ಗೆ ನನಗೆ ಹೆಚ್ಚು ಗೊತ್ತಿಲ್ಲ. ಹೆಂಗಸರು ಹೋಟೆಲಿಗೆ ಹೋಗುತ್ತಿರಲಿಲ್ಲ. ಅಪ್ಪ ಸಾಗರದ ಸಂತೆಗೆ ಹೋದಾಗ ಬನ್ಸ್ ಕಟ್ಟಿಸಿ ತರುತ್ತಿದ್ದ. ಮನೆ ಮುಟ್ಟುವ ಹೊತ್ತಿಗೆ ಪೇಪರಿಗೆ ಎಣ್ಣೆ ಹಿಡಿದು ಅಕ್ಷರವೆಲ್ಲ ಬನ್ಸಿಗೆ ಅಂಟಿರುತ್ತಿತ್ತು. ನಾನೂ ನಿನ್ನ ಮಾವ ಮಂಜುನಾಥನೂ ಮೊದಲು ಅದನ್ನು ಓದಿ ಆಮೇಲೆ ತಿನ್ನುತ್ತಿದ್ದೆವು. ಅವನಿಗೆ ಅಕ್ಷರ ಹೇಳಿಕೊಟ್ಟದ್ದು ಹಾಗೆ.

ಮದುವೆಯಲ್ಲಿ ಒಡೆಯರು ಉಂಡದ್ದು ನಿಜ. ನಿನ್ನ ಮಾವ ಸುಳ್ಳು ಹೇಳುತ್ತಿಲ್ಲ.

ಲಾಡು ಹೇಗಿತ್ತು ಎಂದು ಕೇಳಿದ್ದೀಯ. ಆ ಊಟ ನಾನು ಉಂಡಿಲ್ಲ.

ಚಕ್ಕುಲಿ ಕಳಿಸಿದ್ದೇನೆ. ಡಬ್ಬಿ ತಿರುಗಿ ಕಳಿಸು.

ದುಗ್ಗಮ್ಮ

*

ಸಾಗರ
೧೪ ಸೆಪ್ಟೆಂಬರ್ ೨೦೨೪

ಪ್ರೀತಿಯ ದೊಡ್ಡತ್ತೆ,

ಡಬ್ಬಿ ಕಳಿಸುತ್ತಿದ್ದೇನೆ, ಚಕ್ಕುಲಿ ಎರಡು ದಿನವೂ ಉಳಿಯಲಿಲ್ಲ. ಬನ್ಸಿನ ಮೇಲಿನ ಅಕ್ಷರದ ಕತೆಯನ್ನು ಬಳಗದಲ್ಲಿ ಓದಿ ಹೇಳಿದೆ. ಸುಮನಾ ಮೇಡಂ ಅದನ್ನು ಕೈಯಾರೆ ಬರೆದುಕೊಂಡರು. ನೋಡಿ, ಏನೂ ಗೊತ್ತಿಲ್ಲ ಎಂದುಕೊಂಡೇ ಎಷ್ಟು ಕೊಟ್ಟಿರಿ.

ನೀವು ಆ ಊಟ ಉಂಡಿಲ್ಲ ಎಂದು ಓದಿ ಪಾಪ ಅನ್ನಿಸಿತು. ಜ್ವರ ಬಂದಿತ್ತೇ? ಮಾವನನ್ನು ಕೇಳಿದರೆ, ಹೌದೇನೋ, ನೆನಪಿಲ್ಲ ಎಂದು ಪೇಪರ್ ಬಿಡಿಸಿಕೊಂಡರು. ಅಷ್ಟು ಕೆಲಸದ ನಡುವೆ ನಿಮಗೆ ಹೊತ್ತಿಗೆ ಸರಿಯಾಗಿ ಊಟ ಸಿಗಲಿಲ್ಲವೇನೋ ಎಂದುಕೊಂಡೆ. ಯಾಕೆಂದರೆ ನನ್ನ ಹತ್ತಿರ ಸಾಕ್ಷಿ ಇದೆ.

ಮಾವನ ಮದುವೆಯ ಆಲ್ಬಮ್ಮಿನ ಕೊನೆಯ ಪುಟದಲ್ಲಿ ಒಂದು ಫೋಟೊ ಸಿಕ್ಕಿತು, ನಕಲು ಇದರ ಜೊತೆ ಇದೆ. ಚಪ್ಪರದ ಅಂಚಿನಲ್ಲಿ ಹನ್ನೆರಡು ಹೆಂಗಸರು ಸಾಲಾಗಿ ನಿಂತಿದ್ದಾರೆ, ನಡುವೆ ನೀವು. ಎಲ್ಲರೂ ಸೀರೆಯನ್ನು ಎತ್ತಿ ಬಿಗಿದು ಕಟ್ಟಿದ್ದಾರೆ. ಯಾರೂ ನಗುತ್ತಿಲ್ಲ. ಎಂಥ ಫೋಟೊ ದೊಡ್ಡತ್ತೆ! ಇಡೀ ಆಲ್ಬಮ್ಮಿನಲ್ಲಿ ಸ್ಟುಡಿಯೊದವರು ಹೇಳಿದ ಹಾಗೆ ನಿಲ್ಲದವರು ನೀವು ಹನ್ನೆರಡು ಜನ ಮಾತ್ರ. ಪಟ್ಟಿಯ ಪಕ್ಕದಲ್ಲೇ ಇದನ್ನು ದೊಡ್ಡದು ಮಾಡಿ ಹಾಕುತ್ತೇವೆ. ಕೆಳಗಿನ ಸಾಲನ್ನು ನಾನೇ ಬರೆದಿದ್ದೇನೆ: 'ಊಟದ ಪಂಕ್ತಿಗೆ ಕಾಯುತ್ತಿರುವ ಕೇರಿಯ ಹೆಂಗಸರು, ೧೯೮೬'. ಸುನಿಲ್ ಒಂದು ಫ್ಲೆಕ್ಸ್ ಹೊಡೆದು ಅಂಗಡಿಯಲ್ಲಿ ತೂಗುಹಾಕಿದ್ದಾರೆ.

ಎರಡು ಪ್ರಶ್ನೆ. ಉಳಿದ ಹನ್ನೊಂದು ಜನರ ಹೆಸರೇನು? ನಿಮ್ಮ ಕೈಯಲ್ಲಿ ಸೆರಗಿನ ಕೆಳಗೆ ಅರ್ಧ ಮುಚ್ಚಿರುವ ಉದ್ದನೆಯದು ಏನು? ಸುನಿಲ್ ಅದು ಕೊಡೆ ಎನ್ನುತ್ತಾರೆ. ಅತ್ತೆಗೆ ತೋರಿಸಿದೆ. ಫೋಟೊವನ್ನು ತುಂಬ ಹೊತ್ತು ನೋಡಿ ಒಳಗೆ ಹೋದರು. ಮತ್ತೆ ಮುಖ ಯಾಕೆ ಅಷ್ಟು ಗಂಟಿಕ್ಕಿದ್ದೀರಿ, ಅಷ್ಟೊಂದು ಹಸಿವಾಗಿತ್ತೇ?

ಬಾಯಿ ಮುಚ್ಚಲು ಬಾರದ,
ಲಿಖಿತಾ

*

ತೀರ್ಥಹಳ್ಳಿ
೬ ಅಕ್ಟೋಬರ್ ೨೦೨೪

ಲಿಖಿತಾ,

ನಾವು ಕಾಯುತ್ತಿರಲಿಲ್ಲ. ಹೊರಟಿದ್ದೆವು.

ನಿನಗೆ ಗೊತ್ತಿರಲಿಲ್ಲ, ಅದಕ್ಕೆ ಬೇಸರವಿಲ್ಲ. ಬರೆಯುವುದೋ ಬೇಡವೋ ಎಂದು ಮೂರು ವಾರ ಹೋಯಿತು. ನೀನು ಕೇಳಿದ್ದೀಯ. ಇಷ್ಟು ವರ್ಷದಲ್ಲಿ ಬೇರೆ ಯಾರೂ ಕೇಳಿಲ್ಲ. ಅದಕ್ಕೆ ಬರೆಯುತ್ತೇನೆ.

ನನ್ನ ಕೈಯಲ್ಲಿರುವುದು ಕೊಡೆಯಲ್ಲ, ಸೌಟು. ತೆಂಗಿನ ಚಿಪ್ಪಿಗೆ ತೋಳಿನಷ್ಟುದ್ದ ಹಿಡಿ ಹಾಕಿದ್ದು. ಉಳಿದವರ ಕೈಯಲ್ಲೂ ಇದೆ, ಸೆರಗಿನೊಳಗೆ ಇಟ್ಟುಕೊಂಡಿದ್ದಾರೆ. ಆಗೆಲ್ಲ ಯಾರ ಮನೆಯ ಮದುವೆಯಾದರೂ ಅಡಿಗೆ ಕೇರಿಯ ಹೆಂಗಸರದ್ದೇ. ಮದುವೆ ಮನೆಯವರು ತಿಂಗಳು ಮುಂಚೆ ಬಂದು ಎಲೆ ಅಡಿಕೆ ಕೈಗೆ ಕೊಟ್ಟು, ಒಲೆ ಹೊತ್ತಿಸಿ ಕೊಡಿ ಎನ್ನಬೇಕು. ಅದು ವೀಳ್ಯ. ತೆಗೆದುಕೊಂಡ ಮೇಲೆ ಮನೆಯಲ್ಲಿ ಏನೇ ಇರಲಿ, ಹೋಗಲೇಬೇಕು. ಅವರವರ ಸೌಟು ಅವರವರೇ ತರುವುದು. ಬೆರೆತು ಹೋಗಬಾರದೆಂದು ಹಿಡಿಗೆ ಸುಟ್ಟು ಗುರುತು ಮಾಡುತ್ತಿದ್ದೆವು. ನನ್ನದು ಮೂರು ಗೆರೆ. ಮದುವೆ ಎಷ್ಟು ದೊಡ್ಡದು ಎಂದು ಯಾರಾದರೂ ಕೇಳಿದರೆ ಜನರ ಲೆಕ್ಕ ಹೇಳುತ್ತಿರಲಿಲ್ಲ, ಒಲೆಯ ಲೆಕ್ಕ ಹೇಳುತ್ತಿದ್ದೆವು. ಮೂರು ಒಲೆಯ ಮದುವೆ, ಐದು ಒಲೆಯ ಮದುವೆ. ಹದಿನಾರನೇ ವರ್ಷಕ್ಕೆ ನಾನು ಸೌಟು ಹಿಡಿದೆ. ಎಷ್ಟು ಮದುವೆ ಬೇಯಿಸಿದೆನೋ ನೆನಪಿಲ್ಲ. ಯಾವುದನ್ನೂ ಯಾರೂ ಬರೆದಿಡಲಿಲ್ಲ.

ಬೇಯಿಸಿದವರು ಉಣ್ಣುವುದು ಕೊನೆಗೆ. ನೆಂಟರೆಲ್ಲ ಎದ್ದು ಎಲೆ ಎಸೆದ ಮೇಲೆ ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಸುತ್ತ ಕೂರುತ್ತಿದ್ದೆವು. ತಳ ಹಿಡಿದದ್ದು, ಉಳಿದದ್ದು. ಅದಕ್ಕಿಂತ ರುಚಿಯಾದ ಊಟ ನಾನು ಉಂಡಿಲ್ಲ. ಆ ಹೊತ್ತಿನ ನಗು ಪಂಕ್ತಿಯಲ್ಲಿ ಕೂತವರಿಗೆ ಸಿಗುವುದಲ್ಲ.

ನಿನ್ನ ಮಾವನದು ಆರು ಒಲೆಯ ಮದುವೆ. ನಾನಾಗ ಅದೇ ಊರಲ್ಲಿ, ಅಪ್ಪನ ಮನೆಯಿಂದ ಎರಡು ಮನೆ ಆಚೆ ಇದ್ದೆ. ತೀರ್ಥಹಳ್ಳಿಗೆ ಬಂದದ್ದು ಆಮೇಲೆ. ನನಗೆ ವೀಳ್ಯ ತಂದುಕೊಟ್ಟವನು ಮಂಜುನಾಥನೇ. ಆವತ್ತು ಬೆಳಿಗ್ಗೆ ಹನ್ನೆರಡು ಜನ ಚಪ್ಪರದ ಹಿಂದೆ ಹೋದರೆ ಒಲೆ ಆಗಲೇ ಉರಿಯುತ್ತಿತ್ತು. ಭಟ್ಟರ ಕಡೆಯವರು ಬೇಳೆ ಹಾಕಿಯಾಗಿತ್ತು. ಮಂಜುನಾಥ ತಟ್ಟಿಯ ಬಾಗಿಲಲ್ಲಿ ನಿಂತಿದ್ದ. "ಅಕ್ಕ, ಎಲ್ಲಾ ಮದುವೇಲೂ ಹೊಗೆ ಕುಡ್ದೋರು ನೀವೇ. ಇದೊಂದ್ರಲ್ಲಾದ್ರೂ ಕೂತು ಉಣ್ಣಿ" ಎಂದ. ಮಾತು ಒಳ್ಳೆಯದೇ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಸೌಟು ನೋಡುತ್ತಿದ್ದ. ನಮ್ಮ ಜೊತೆ ಬಂದಿದ್ದ ಹೂವಮ್ಮ ಹೇಳಿದಳು, "ವೀಳ್ಯ ತಗಂಡು ಬಂದೋರು ನಾವು. ಉಣ್ಣಕ್ಕೆ ಬಂದಿಲ್ಲ."

ನಾನು ಜಗಳ ಮಾಡಬಹುದಿತ್ತು. ಮುಂದಿನ ಅಂಗಳದಲ್ಲಿ ಅಪ್ಪ ಒಡೆಯರಿಗೆ ಎಲೆ ಹಾಕುವ ಜಾಗ ಒರೆಸುತ್ತಿದ್ದ. ಅದೇ ಅಪ್ಪ ಅವರ ಮನೆಯ ಕೊಟ್ಟಿಗೆಯ ಹಿಂದೆ ಉಂಡು, ಉಂಡ ಜಾಗಕ್ಕೆ ತಾನೇ ಸಗಣಿ ಹಾಕಿ ಬರುವುದನ್ನು ನಾನು ಸಣ್ಣವಳಿದ್ದಾಗ ನೋಡಿದ್ದೇನೆ. ಆವತ್ತು ಅವನ ಕಣ್ಣಲ್ಲಿ ನೀರಿತ್ತು. ನಾನು ಗಲಾಟೆ ಮಾಡಿದ್ದರೆ ಅವನ ಆ ದಿನ ಹಾಳಾಗುತ್ತಿತ್ತು. ತಿರುಗಿ ಹೊರಟೆವು. ಫೋಟೊದವನು ಅಡ್ಡ ಬಂದು, ಎಲ್ಲಾ ಒಟ್ಟಿಗೆ ನಿಲ್ಲಿ ಎಂದ. ನಿಂತೆವು. ಅದೇ ನಿನ್ನ ಫೋಟೊ.

ಯಾಕೆ ಕೂತು ಉಣ್ಣಲಿಲ್ಲ ಎಂದು ನೀನು ಕೇಳಬಹುದು. ವೀಳ್ಯ ತೆಗೆದುಕೊಂಡವರು ನೆಂಟರ ಪಂಕ್ತಿಯಲ್ಲಿ ಕೂರುವ ಹಾಗಿಲ್ಲ. ಬೇಯಿಸದವರು ಕೊನೆಯ ಪಂಕ್ತಿಯಲ್ಲಿ ಕೂರುವ ಹಾಗಿಲ್ಲ. ನನಗೆ ಅಲ್ಲಿ ಕೂರುವ ಜಾಗ ಯಾವುದೂ ಇರಲಿಲ್ಲ. ಆಮೇಲೆ ಅಪ್ಪ ತೀರಿದಾಗ ಹೋದೆ, ಅವ್ವ ತೀರಿದಾಗ ಹೋದೆ, ನಿನ್ನ ಮದುವೆಗೂ ಬಂದೆ. ನೀರು ಕುಡಿಯುತ್ತೇನೆ. ಅನ್ನ ಇಳಿಯುವುದಿಲ್ಲ. ದ್ವೇಷವಲ್ಲ ಮಗಾ. ನನಗೆ ಶುಗರ್ ಇಲ್ಲ.

ಹನ್ನೆರಡು ಹೆಸರನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ. ಈಗ ಇರುವವರು ಐದು ಜನ. ಇದನ್ನೆಲ್ಲ ಗೋಡೆಗೆ ಹಾಕು ಎಂದು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಕಾಯುತ್ತಿದ್ದರು ಎಂದು ಮಾತ್ರ ಬರೆಯಬೇಡ.

ದುಗ್ಗಮ್ಮ

*

ಸಾಗರ
೨೧ ಅಕ್ಟೋಬರ್ ೨೦೨೪

ದೊಡ್ಡತ್ತೆ,

ಅಂಗಡಿಯಲ್ಲಿ ತೂಗುಹಾಕಿದ್ದ ಫ್ಲೆಕ್ಸನ್ನು ನಾನೇ ಇಳಿಸಿ ಕತ್ತರಿಸಿದೆ. 'ಅಷ್ಟೊಂದು ಹಸಿವಾಗಿತ್ತೇ' ಎಂದು ಕೇಳಿದ್ದೆನಲ್ಲ, ಆ ಸಾಲು ನೆನಪಾದಾಗಲೆಲ್ಲ ಎಲ್ಲಾದರೂ ಅಡಗಿಕೊಳ್ಳೋಣ ಅನ್ನಿಸುತ್ತದೆ.

ಸುಮನಾ ಮೇಡಂಗೆ ಒಬ್ಬರಿಗೆ ಮಾತ್ರ ನಿಮ್ಮ ಕಾಗದ ತೋರಿಸಿದೆ. ತಿರುಗಿ ಮೊದಲಿನಿಂದ ಓದಿದರು. ಆಮೇಲೆ ಹೇಳಿದರು, ನಾವು ಬರೆದಿಟ್ಟವರ ಹತ್ತಿರ ಮಾತ್ರ ಹೋದೆವು, ಬೇಯಿಸಿದವರ ಹತ್ತಿರ ಹೋಗಲಿಲ್ಲ ಎಂದು. ಕಳೆದ ವಾರ ಬಳಗದವರೆಲ್ಲ ಕೆಳದಿಯ ಮ್ಯೂಸಿಯಂ ನೋಡಲು ಹೋಗಿದ್ದೆವು. ಹಳೆಯ ವಸ್ತುಗಳನ್ನು ಹೇಗೆ ಜೋಪಾನ ಮಾಡುತ್ತಾರೆಂದು ತಿಳಿಯುವುದಕ್ಕೆ. ಉಳಿದವರು ಕತ್ತಿಗಳನ್ನೂ ಓಲೆಗರಿಗಳನ್ನೂ ನೋಡುತ್ತಿದ್ದರು. ನಾನು ಮೂಲೆ ಮೂಲೆಯಲ್ಲಿ ಸೌಟು ಹುಡುಕುತ್ತಿದ್ದೆ.

ಈಗ ನನಗೆ ಏನು ಮಾಡಬೇಕೆಂದು ತಿಳಿಯುತ್ತಿಲ್ಲ. ಮಾವ ದಿನಾ ಸಂಜೆ ಪ್ರದರ್ಶನದ ದಿನ ಆಡಬೇಕಾದ ಮಾತನ್ನು ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡುತ್ತಾರೆ. ಒಡೆಯರು ಎಲೆ ಮುಂದೆ ಕೂತ ಕತೆ. ಅದು ಸುಳ್ಳಲ್ಲ ಎಂದು ನೀವೇ ಬರೆದಿದ್ದೀರಿ. ನಿಜವನ್ನು ಹಾಕಿದರೆ ಅವರ ಬದುಕಿನ ಒಂದು ಒಳ್ಳೆಯ ದಿನವನ್ನು ನಾನು ಕಿತ್ತುಕೊಂಡ ಹಾಗೆ. ಹಾಕದಿದ್ದರೆ ನೀವು ಹನ್ನೆರಡು ಜನ ಇನ್ನೂ ಚಪ್ಪರದ ಅಂಚಿನಲ್ಲೇ ನಿಂತ ಹಾಗೆ. ಸುನಿಲ್ ಅಪ್ಪನನ್ನು ನೋಯಿಸಬೇಡ ಎನ್ನುತ್ತಾರೆ. ಇದೇ ವಿಷಯಕ್ಕೆ ನಮ್ಮ ಮೊದಲ ಜಗಳವಾಯಿತು. ಎರಡು ಊಟದ ಹೊತ್ತು ಮಾತು ಬಿಟ್ಟಿದ್ದೆವು.

ದಾರಿ ತೋರಿಸಿದವರು ಅತ್ತೆ. ಅವರಷ್ಟು ಕಡಿಮೆ ಮಾತಿನವರನ್ನು ನಾನು ನೋಡಿಲ್ಲ. ಸೊಪ್ಪು ಸೋಸುತ್ತ, ತಲೆ ಎತ್ತದೆ ಹೇಳಿದರು: "ನಾನು ಮದುಮಗಳಾಗಿ ಕೂತಿದ್ದೆ. ಆ ಹೆಂಗಸ್ರು ಹೋಗೋದು ಕಾಣ್ತಿತ್ತು. ಹೊಸಬಳು, ಯಾಕೆ ಅಂತ ಕೇಳ್ಲಿಲ್ಲ. ಕೇಳ್ದೆ ಕೇಳ್ದೆ ಮೂವತ್ತೆಂಟು ವರ್ಷ ಆಯ್ತು. ನೀನೂ ಹೊಸಬಳೇ. ನೀನಾದ್ರೂ ಕೇಳು."

ನಾಳೆ ನಿಮ್ಮ ಕಾಗದವನ್ನು ಮಾವನ ಕೈಗೆ ಕೊಡುತ್ತೇನೆ. ಬೇಡವೆಂದಾದರೆ ಬೆಳಗಿನ ಬಸ್ಸಿಗೆ ಒಂದು ಸಾಲು ಬರೆದು ಕಳಿಸಿ. ಏನೂ ಬರದಿದ್ದರೆ ಕೊಡುತ್ತೇನೆ.

ಕ್ಷಮಿಸಿ ಎನ್ನಲು ಹೊಸಬಳಾದ,
ಲಿಖಿತಾ

*

ಸಾಗರ
೨೭ ಡಿಸೆಂಬರ್ ೨೦೨೪

ಪ್ರೀತಿಯ ದೊಡ್ಡತ್ತೆ,

ಆವತ್ತು ಬಸ್ಸಿನಲ್ಲಿ ಏನೂ ಬರಲಿಲ್ಲ. ಆಮೇಲೂ ಬರಲಿಲ್ಲ. ರಾಜು ಅವರು ನನ್ನನ್ನು ಕಂಡರೆ ದೂರದಿಂದಲೇ ಕೈ ಅಲ್ಲಾಡಿಸಿಬಿಡುತ್ತಿದ್ದರು. ಆದರೂ ನಡೆದದ್ದನ್ನು ನಿಮಗೆ ಹೇಳದೆ ಬೇರೆ ಯಾರಿಗೆ ಹೇಳಲಿ?

ಕಾಗದವನ್ನು ಮಾವ ಬೀರುವಿನ ಹತ್ತಿರ ನಿಂತೇ ಓದಿದರು. ಮಡಿಚಿ ನನಗೆ ಕೊಟ್ಟು ಹೊರಗೆ ಹೋಗಿ ಕೂತರು. ಎರಡು ದಿನ ಕನ್ನಡಿ ಮುಂದೆ ನಿಲ್ಲಲಿಲ್ಲ. ನಾನು ಮನೆ ಒಡೆದೆ ಎಂದೇ ತಿಳಿದೆ. ಮೂರನೆಯ ದಿನ ಬೆಳಿಗ್ಗೆ ಕರೆದು, ಫೋಟೊದ ಕೆಳಗೆ ಏನು ಬರೆಯುತ್ತೀ, ತೋರಿಸು ಎಂದರು.

ನಾನು ಹೀಗೆ ಬರೆದಿದ್ದೆ: 'ವೀಳ್ಯ ಪಡೆದು, ತಮ್ಮ ಸೌಟು ಹಿಡಿದು ಅಡಿಗೆಗೆ ಬಂದ ಹನ್ನೆರಡು ಹೆಂಗಸರು. ಮನೆಯವರು ಬೇಡವೆಂದದ್ದರಿಂದ ಉಣ್ಣದೆ ಹಿಂತಿರುಗುವಾಗ ತೆಗೆದ ಚಿತ್ರ, ೧೯೮೬.' ಮಾವ ಕೆಂಪು ಪೆನ್ನು ತೆಗೆದರು. 'ಮನೆಯವರು' ಎಂಬ ಒಂದು ಪದವನ್ನು ಹೊಡೆದು, ಮೇಲೆ ದುಂಡಗೆ 'ಮದುಮಗ ಮಂಜುನಾಥಪ್ಪ' ಎಂದು ಬರೆದರು. ಉಳಿದದ್ದನ್ನು ಹಾಗೇ ಬಿಟ್ಟರು.

ಸುನಿಲ್ ಇದನ್ನು ಪ್ರಿಂಟ್ ಹೊಡೆಯುವುದಿಲ್ಲ ಎಂದು ಹಟ ಹಿಡಿದರು. ಮಾವ ಅಂಗಡಿಗೇ ಹೋಗಿ ಮೆಷಿನ್ ಪಕ್ಕ ನಿಂತು, "ಹೊಡಿ" ಎಂದರು. ಸುನಿಲ್ ಕಣ್ಣು ಒರೆಸಿಕೊಂಡು ಹೊಡೆದರು. ನಾನು ಮದುವೆಯಾದ ಮನುಷ್ಯ ಎಂಥವನೆಂದು ನನಗೆ ಆವತ್ತು ಇನ್ನಷ್ಟು ತಿಳಿಯಿತು.

ಭಾನುವಾರ ಇಪ್ಪತ್ತೆರಡಕ್ಕೆ ಪ್ರದರ್ಶನವಾಯಿತು. ನಡುಗೋಡೆಯಲ್ಲಿ ಮಾವನ ಪಟ್ಟಿ, ಪಕ್ಕದಲ್ಲಿ ನೀವು ಹನ್ನೆರಡು ಜನ, ಹೆಸರುಗಳ ಸಮೇತ. ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬೆಳಗಿನಿಂದ ಅಲ್ಲೇ ನಿಂತಿದ್ದರು. ಬಂದವರಿಗೆಲ್ಲ ಒಡೆಯರು ಉಂಡ ಕತೆ ಹೇಳುತ್ತಿದ್ದರು, ಮುಗಿದ ಕೂಡಲೇ ಫೋಟೊದ ಕಡೆ ತಿರುಗಿ ಅದನ್ನೂ ಹೇಳುತ್ತಿದ್ದರು. ಎರಡನ್ನೂ ಒಂದೇ ದನಿಯಲ್ಲಿ. ಸಂಜೆಗೆ ಗಂಟಲು ಪೂರ್ತಿ ಕಟ್ಟಿತ್ತು. ಊರಿನ ಬೆಳ್ಳಪ್ಪ ಎಂಬುವರು, "ಹಳೇದೆಲ್ಲ ಈಗ ಯಾಕೆ ಮೇಷ್ಟ್ರೇ" ಎಂದರು. ಮಾವ ಹೇಳಿದ್ದು ಇಷ್ಟು: "ಪಟ್ಟಿ ಬರ್ದಿದ್ದು ನಾನು. ಅರ್ಧ ಬರ್ದಿದ್ದೆ."

ಹೂವಮ್ಮಜ್ಜಿ ತಮ್ಮ ಮಗಳು ಸ್ವಾತಿಯ ಕೈ ಹಿಡಿದುಕೊಂಡು ಬಂದಿದ್ದರು. ಒಂದೊಂದು ಮುಖದ ಮೇಲೂ ಬೆರಳಿಟ್ಟು ಯಾರದು ಎಂಥ ಕೈ ಎಂದು ಹೇಳಿದರು. ದ್ಯಾವಮ್ಮನ ಸಾರು, ಬಂಗಾರಮ್ಮನ ಕಡುಬು, ಒಲೆಯ ಉರಿ ನೋಡಲು ಗಿಡ್ಡಮ್ಮ. ನಾನು ರೆಕಾರ್ಡ್ ಮಾಡಿಕೊಂಡೆ. ನಿಮ್ಮ ಮುಖಕ್ಕೆ ಬಂದಾಗ ಬೆರಳು ತೆಗೆದು ನನ್ನನ್ನು ನೋಡಿ, "ಉಪ್ಪು ಇವಳು ಹಾಕಿದ ಮೇಲೆ ಯಾರೂ ನೋಡ್ತಿರ್ಲಿಲ್ಲ" ಎಂದರು.

ನಿಮಗೊಂದು ಕುರ್ಚಿ ಇಟ್ಟಿದ್ದೆ. ಕೊನೆಯವರೆಗೂ ಅದರಲ್ಲಿ ಯಾರನ್ನೂ ಕೂರಲು ಬಿಡಲಿಲ್ಲ. ಗೋಡೆಯ ಫೋಟೊ ತೆಗೆದು ಇದರ ಜೊತೆ ಕಳಿಸುತ್ತಿದ್ದೇನೆ.

ಯಾವಾಗಲೂ ನಿಮ್ಮವಳೇ,
ಲಿಖಿತಾ

*

ಸಾಗರ
೫ ಜನವರಿ ೨೦೨೫

ಅಕ್ಕ,

ನಿನಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಅಕ್ಷರ ಕಲಿಸಿದವಳು ನೀನು.

ಗೋಡೆಯ ಮೇಲೆ ಬರೆದದ್ದರಲ್ಲೂ ಒಂದು ಬಾಕಿ ಉಳಿದಿದೆ. ಭಟ್ಟರು ನಿಮ್ಮನ್ನು ಒಳಗೆ ಬಿಡಬೇಡಿ ಎಂದಿರಬೇಕು ಎಂದು ಲಿಖಿತಾ ತಿಳಿದಿದ್ದಾಳೆ. ಬಹುಶಃ ನೀನೂ ಹಾಗೇ ತಿಳಿದಿರಬಹುದು. ಅವರು ಏನೂ ಹೇಳಿರಲಿಲ್ಲ. ಹಿಂದಿನ ದಿನ ಅವರೇ ಕೇಳಿದ್ದರು, ಕೇರಿಯ ಹೆಂಗಸರು ಬರುತ್ತಾರಲ್ಲ, ನಮಗೆ ಕೈ ಸಾಲದು ಎಂದು. ಬರುವುದಿಲ್ಲ ಎಂದವನು ನಾನು. ನಿಮಗೆ ವೀಳ್ಯ ಕೊಟ್ಟ ಮೇಲೆ ಒಡೆಯರು ಬರುತ್ತಾರೆಂದು ಗೊತ್ತಾಯಿತು. ನಿಮ್ಮ ಕೈ ಬಿದ್ದ ಅಡಿಗೆ ಎಂದು ತಿಳಿದರೆ ಒಡೆಯರು ಉಣ್ಣಲಿಕ್ಕಿಲ್ಲ ಎಂಬ ಹೆದರಿಕೆ ನನ್ನದು. ಅವರು ಉಣ್ಣುತ್ತಿದ್ದರೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಕೇಳಿ ನೋಡಲಿಲ್ಲ. ಅವರು ಬೇಡವೆನ್ನುವ ಮೊದಲೇ ನಾನು ಬೇಡವೆಂದೆ. ಆಮೇಲೆ ನಿನ್ನೆದುರು ಬಂದು, ಕೂತು ಉಣ್ಣಿ ಎಂದು ಅದಕ್ಕೆ ಸಕ್ಕರೆ ಸವರಿದೆ.

ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದೆ. ಈ ನಾಲ್ಕು ಸಾಲು ಬರೆಯಲು ಹತ್ತು ದಿನ ಬೇಕಾಯಿತು.

ನೀನು ಉಣ್ಣುವವರೆಗೆ ನನ್ನ ಮದುವೆಯ ಊಟ ಆದ ಹಾಗಲ್ಲ. ನನಗೆ ಈಗ ಹಾಗೇ ಅನ್ನಿಸುತ್ತಿದೆ. ಒಲೆ ಹೊತ್ತಿಸಿ ಕೊಡು. ಏನು ಮಾಡಬೇಕೆಂದು ನೀನೇ ಹೇಳು. ಈ ಸಲ ಪಟ್ಟಿ ನಾನು ಬರೆಯುವುದಿಲ್ಲ.

ನಿನ್ನ ತಮ್ಮ,
ಮಂಜುನಾಥ

*

ತೀರ್ಥಹಳ್ಳಿ
೧೯ ಜನವರಿ ೨೦೨೫

ಮಗಾ ಲಿಖಿತಾ,

ಮಂಜುನಾಥನ ಕಾಗದ ಬಂತು. ನಾಲ್ಕು ಸಲ ಓದಿದೆ. ಅವನಿಗೆ ಉತ್ತರ ಬರೆಯುವುದಿಲ್ಲ. ವೀಳ್ಯ ಕಾಗದದಲ್ಲಿ ಬರುವಂಥದ್ದಲ್ಲ, ರಾಜುವಿನ ಕೈಯಲ್ಲಿ ಕಳಿಸುವಂಥದ್ದೂ ಅಲ್ಲ. ಅವನೇ ಬಸ್ ಹತ್ತಿ ಬರಲಿ. ಐದು ಮನೆಗೂ ಹೋಗಿ ಕೈಯಾರೆ ಕೊಡಲಿ. ಮೊದಲು ಹೂವಮ್ಮನ ಮನೆಗೆ, ಅವಳು ಎರಡು ಮಾತು ಅನ್ನುತ್ತಾಳೆ, ಅನ್ನಿಸಿಕೊಳ್ಳಲಿ. ನಾನು ಕೊನೆಗೆ.

ಐದು ಮುದುಕಿಯರಿಗೆ ಆರು ಒಲೆ ಆಗುವುದಿಲ್ಲ, ಎರಡು ಸಾಕು. ನಿಮ್ಮ ಹಿತ್ತಿಲು ಪೂರ್ತಿ ಸಿಮೆಂಟು ಎಂದು ದಿನೇಶ ಹೇಳಿದ. ಮೂರು ಮೂರು ಕಲ್ಲು ಇಟ್ಟರೆ ಆಯಿತು. ಗ್ಯಾಸ್ ಬೇಡ. ಸೌಟು ನನ್ನದು ನಾನೇ ತರುತ್ತೇನೆ. ಹಿಡಿ ಸ್ವಲ್ಪ ಅಲ್ಲಾಡುತ್ತಿತ್ತು, ದಿನೇಶ ಬಿಗಿ ಮಾಡಿಕೊಟ್ಟ. ನಿನಗೂ ಒಂದು ಮಾಡಿಸಿದ್ದೇನೆ. ಗುರುತು ಹಾಕಿಲ್ಲ, ನಿನ್ನ ಗುರುತು ನೀನೇ ಸುಟ್ಟುಕೊ.

ಪಟ್ಟಿ ಬರೆಯುವುದು ನನಗೂ ಇದೇ ಮೊದಲು. ತಪ್ಪಿದ್ದರೆ ಹಾಗೇ ಇರಲಿ, ಕೆಂಪು ಪೆನ್ನು ಮುಟ್ಟಿಸಬೇಡ.

ಕುಚ್ಚಲಕ್ಕಿ ಅನ್ನ
ಹುರುಳಿ ಸಾರು (ದ್ಯಾವಮ್ಮ ಹೇಳಿಕೊಟ್ಟದ್ದು. ಅವಳಿಲ್ಲ, ನಾನು ಮಾಡುತ್ತೇನೆ)
ಕೊಟ್ಟೆ ಕಡುಬು, ಹಲಸಿನ ಎಲೆ ನೀವು ತಂದಿಡಿ
ಸೌತೆಕಾಯಿ ಹುಳಿ
ಚೀನಿಕಾಯಿ ಪಲ್ಯ
ಮಿಡಿ ಉಪ್ಪಿನಕಾಯಿ, ನನ್ನ ಜಾಡಿಯದು
ಬೆಲ್ಲದ ಪಾಯಸ

ಲಾಡು ಬೇಡ.

ಬಡಿಸುವವರು: ಸುನಿಲ, ದಿನೇಶ, ಮಂಜುನಾಥ.
ಮೊದಲ ಪಂಕ್ತಿಗೆ ಯಾರನ್ನು ಬೇಕಾದರೂ ಕರೆಯಿರಿ. ನಿನ್ನ ಸುಮನಾ ಮೇಡಂ, ಆ ಹೋಟೆಲಿನ ರಾಮಚಂದ್ರಪ್ಪ, ರಾಜು.

ಕೊನೆಗೆ ಕೂರುವವರು: ಹೂವಮ್ಮ, ಬಂಗಾರಮ್ಮ, ಗಿಡ್ಡಮ್ಮ, ಚೌಡಮ್ಮ, ನಾನು. ನಿನ್ನ ಅತ್ತೆ. ನೀನು.

ಇದರ ಕೆಳಗೆ ಒಂದು ಸಾಲು ಜಾಗ ಬಿಟ್ಟಿದ್ದೇನೆ. ಬಡಿಸಿ ಆದ ಮೇಲೆ ನಮ್ಮ ಜೊತೆ ಕೂರುವುದಾದರೆ ಮಂಜುನಾಥ ಅವನ ಹೆಸರನ್ನು ಅವನೇ ಬರೆದುಕೊಳ್ಳಲಿ.

ದುಗ್ಗಮ್ಮ